ಹೊತ್ತು ತಪ್ಪದವನು

ಟ್ಯಾಂಕರಿನ ಬಾಯಿಂದ ನೀರು ಉಕ್ಕಿ, ಪಕ್ಕೆಯಲ್ಲಿ ಇಳಿದು, ಹಿಂದಿನ ಚಕ್ರದ ಬುಡದಲ್ಲಿ ಕೆಸರು ಮಾಡುತ್ತಿದ್ದರೂ ಕುಮಾರಸ್ವಾಮಿ ಮೋಟಾರು ನಿಲ್ಲಿಸದೆ ನಿಂತಿದ್ದ. ಕಣ್ಣು ನೀರಿನ ಕಡೆಗೇ ಇತ್ತು, ಆದರೆ ಕಾಣುತ್ತಿರಲಿಲ್ಲ. ಒಳಗಿನಿಂದ ಹೆಂಡತಿ ಪ್ರೇಮಾ, "ರೀ, ತುಂಬಿ ಅರೀತಾ ಅದ ಕಣ್ರೀ, ಎಲ್ಲಿದ್ದರಿ?" ಎಂದು ಕೂಗಿದ ಮೇಲೆ ಎಚ್ಚೆತ್ತವನಂತೆ ಹೋಗಿ ಸ್ವಿಚ್ಚು ಆರಿಸಿದ. ಹದಿನಾಲ್ಕು ವರ್ಷದಲ್ಲಿ ಅವನು ಹೀಗೆ ನೀರು ಚೆಲ್ಲಿದವನಲ್ಲ. ಕೊಳ್ಳೇಗಾಲದ ಸುತ್ತಮುತ್ತ ಯಾವ ಕಂಟ್ರಾಕ್ಟರನನ್ನು ಕೇಳಿದರೂ ಅವನ ಬಗ್ಗೆ ಹೇಳುವುದು ಒಂದೇ ಮಾತು: ಕುಮಾರಸ್ವಾಮಿ ಏಳು ಗಂಟೆ ಅಂದರೆ ಏಳು ಗಂಟೆ. ನೀರಿನ ಟ್ಯಾಂಕರು, ಜನರೇಟರು, ಸೆಂಟ್ರಿಂಗ್ ಶೀಟು, ಕೆಲಸಗಾರರಿಗೆ ಇಡುವ ಟಾಯ್ಲೆಟ್ ಕ್ಯಾಬಿನ್ನು, ಏನೇ ಆಗಲಿ, ಒಪ್ಪಿಕೊಂಡ ಮೇಲೆ ಬಂದೇ ಬರುತ್ತದೆ. ಈ ಮಾತನ್ನು ಅವನು ಎಷ್ಟು ಸಲ ಕೇಳಿದ್ದನೆಂದರೆ, ಒಬ್ಬನೇ ಇರುವಾಗ ತನ್ನ ಬಗ್ಗೆ ತಾನು ಯೋಚಿಸುವುದೂ ಅದೇ ಮಾತಿನಲ್ಲಿ ಆಗಿಹೋಗಿತ್ತು. ಇವತ್ತು ಹತ್ತೂವರೆಗೆ ಕಂಟ್ರಾಕ್ಟರ್ ಗುರುಪ್ರಕಾಶ್ ಅವರ ಆಫೀಸಿಗೆ ಹೋಗಬೇಕು. ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆ. "ಒಂದು ಮಾತು ಕೇಳ್ತಾರೆ, ಒಂದು ಮಾತು ಹೇಳಿ ಹೋಗು, ಅಷ್ಟೇ ಕಣಯ್ಯ" ಎಂದು ಗುರುಪ್ರಕಾಶ್ ನಿನ್ನೆ ಫೋನಿನಲ್ಲಿ ಹೇಳಿದ್ದರು. ಆ ಒಂದು ಮಾತು ಯಾವುದು ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಗುರುಪ್ರಕಾಶ್ ಮೊದಲಿಗೆ ಬರೀ ಕಾಂಪೌಂಡ್ ಗೋಡೆ, ಚರಂಡಿ ಕೆಲಸ ಹಿಡಿಯುತ್ತಿದ್ದ ಯಳಂದೂರಿನ ಹುಡುಗ. ಅವರಪ್ಪ ವೃಷಭೇಂದ್ರಪ್ಪನವರಿಗೆ ಗದ್ದೆಯಿತ್ತು, ಹೆಸರಿತ್ತು. ಮಗನಿಗೆ ಎರಡು ಸಿಮೆಂಟ್ ಮಿಕ್ಸರು ಬಿಟ್ಟರೆ ಏನೂ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಏಪ್ರಿಲ್ಲಿನಲ್ಲಿ ಗುರುಪ್ರಕಾಶ್ ಶಾಲೆಯ ಎರಡು ಕೋಣೆಗೆ ಮೋಲ್ಡ್ ಹಾಕಿ, ಮಾರನೇ ದಿನದಿಂದ ನೀರು ಸಿಗದೆ, ಹೊಸ ತಾರಸಿ ಬಿಸಿಲಿಗೆ ಬಿರುಕು ಬಿಡುತ್ತದೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಊರಿನ ಟ್ಯಾಂಕರುಗಳೆಲ್ಲ ಮದುವೆ ಮನೆಗಳಿಗೆ ಹೋಗಿದ್ದವು. ಕುಮಾರಸ್ವಾಮಿ ಹದಿನೈದು ದಿನ, ಒಂದು ದಿನವೂ ತಪ್ಪದೆ, ಬೆಳಗಿನ ಐದಕ್ಕೇ ನೀರು ಹೊತ್ತು ತಂದ. ತಾರಸಿ ನಿಂತಿತು, ಎಂಜಿನಿಯರ್ ಒಪ್ಪಿದರು, ಅಲ್ಲಿಂದ ಗುರುಪ್ರಕಾಶ್ ಹಿಂದೆ ತಿರುಗಿ ನೋಡಲಿಲ್ಲ. ಆಸ್ಪತ್ರೆಯ ವಾರ್ಡು, ಮಂಟಪ, ಈಗ ಹನೂರಿನಾಚೆ ಬೆಟ್ಟದ ರಸ್ತೆಯಲ್ಲಿ ಮೂರಂತಸ್ತಿನ ಹಾಸ್ಟೆಲ್ಲು. ಕೆಲಸ ನಿಲ್ಲದೆ ನಡೆಯುವುದೇ ಕಂಟ್ರಾಕ್ಟರನ ಬಂಡವಾಳ ಎಂದು ಗುರುಪ್ರಕಾಶ್ ಸಭೆಗಳಲ್ಲಿ ಹೇಳುತ್ತಿದ್ದರು. ಹೇಳುವಾಗ ಸಭೆಯ ಹಿಂದಿನ ಸಾಲಿನಲ್ಲಿ ನಿಂತ ಕುಮಾರಸ್ವಾಮಿಯ ಕಡೆ ಕೈ ತೋರಿಸುತ್ತಿದ್ದರು. ಆ ಕೈ ತನ್ನ ಕಡೆ ತಿರುಗಿದಾಗ ಎದೆಯಲ್ಲಿ ಏನೋ ತುಂಬಿಕೊಳ್ಳುತ್ತಿತ್ತು. ಕುರ್ಚಿ ಯಾಕೆ ಹಾಕಿಸಲಿಲ್ಲ ಎನ್ನುವುದು ಮನೆಗೆ ಬಂದ ಮೇಲೆ, ಶರ್ಟು ಬಿಚ್ಚುವಾಗ ಹೊಳೆಯುತ್ತಿತ್ತು.

ಟ್ಯಾಂಕರನ್ನು ಅಲ್ಲೇ ಬಿಟ್ಟು ಬೈಕಿನಲ್ಲಿ ಹೊರಟ. ದಾರಿಯ ಬದಿಯಲ್ಲಿ ಯಾರದೋ ಮನೆಯ ಪಾಯ ತೋಡುತ್ತಿದ್ದರು. ತಲೆಗೆ ಸಿಂಬೆ ಸುತ್ತಿದ ಹೆಂಗಸೊಬ್ಬಳು ಬಾಂಡ್ಲಿ ಇಳಿಸಿ ಸೊಂಟ ಹಿಡಿದು ನಿಂತದ್ದು ಕಂಡಿತು. ಅವ್ವ ಹೀಗೇ ನಿಲ್ಲುತ್ತಿದ್ದಳು. ಧನಗೆರೆಯಿಂದ ಬೆಳಿಗ್ಗೆ ಗಾರೆ ಕೆಲಸಕ್ಕೆ ಹೊರಟವಳು ಸಂಜೆ ಮನೆಗೆ ಬರುವವರೆಗೂ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಬಂದವಳೇ ಚೆಂಬು ಹಿಡಿದು ಹೊಲದ ಕಡೆ ಓಡುತ್ತಿದ್ದಳು, ಆಮೇಲೆ ತಲೆನೋವೆಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಬಿಸಿಲಲ್ಲಿ ದುಡಿದು ಬಂದವಳು ಯಾಕೆ ನೀರು ಕುಡಿಯುವುದಿಲ್ಲ ಎಂದು ಅವನಿಗೆ ಅರ್ಥವಾದಾಗ ಹನ್ನೆರಡು ವರ್ಷ. ಒಂದು ದಿನ ಅವಳ ಕೆಲಸದ ಜಾಗಕ್ಕೆ ಹೋಗಿದ್ದಾಗ ಚಿಕ್ಕನಿಂಗಮ್ಮ, ಅವರ ಬೀದಿಯವಳೇ, ಅವ್ವನ ಜೊತೆಗೇ ಬಾಂಡ್ಲಿ ಹೊರುತ್ತಿದ್ದವಳು, ಸೀರೆಯೊಂದನ್ನು ಎರಡು ಕೈಯಲ್ಲಿ ಅಗಲಿಸಿ ಮರೆ ಹಿಡಿದು ನಿಂತಿದ್ದಳು. ಆಚೆ ಬದಿಯಲ್ಲಿ ಮೇಸ್ತ್ರಿಗಳು ಬೀಡಿ ಸೇದುತ್ತ ನಗುತ್ತಿದ್ದರು. "ಆ ಕಡ ತಿರುಗ್ಕ ಮಗ" ಎಂದಿದ್ದಳು ಚಿಕ್ಕನಿಂಗಮ್ಮ. ಅದಕ್ಕೇ ನಾನು ಈ ಕ್ಯಾಬಿನ್ ಕೊಂಡೆ, ನಮ್ಮವ್ವನ ನೆನಪಿಗೆ, ಎಂದು ಅವನು ಒಂದೆರಡು ಕಡೆ ಹೇಳಿದ್ದ. ಕೇಳಿದವರ ಕಣ್ಣು ಒದ್ದೆಯಾಗಿದ್ದವು. ನಿಜವೆಂದರೆ, ಸರ್ಕಾರಿ ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇರಲೇಬೇಕೆಂದು ಗುರುಪ್ರಕಾಶ್ ಅವರಿಗೆ ತಾಕೀತು ಬಂದಿತ್ತು, ಅವರು ಇವನಿಗೆ ಹೇಳಿದರು, ಇವನು ಎರಡು ಕೊಂಡ. ಅವ್ವನ ನೆನಪು ಆಮೇಲೆ ಬಂದದ್ದು. ಆದರೆ ಹೇಳಿ ಹೇಳಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಅವನಿಗೂ ಈಗ ಗಟ್ಟಿಯಾಗಿ ಹೇಳಲಾಗುತ್ತಿರಲಿಲ್ಲ.

ಹಿಂದಿನ ತಿಂಗಳು ಹತ್ತನೇ ತಾರೀಕು ಸಂಜೆ ಗುರುಪ್ರಕಾಶ್ ಫೋನು ಮಾಡಿ, ನಾಳೆ ಯಳಂದೂರಿನಲ್ಲಿ ಹೊಸ ಮನೆಯ ಗೃಹಪ್ರವೇಶ, ಜನ ಜಾಸ್ತಿ, ಆ ಹಾಸ್ಟೆಲ್ ಕೆಲಸದ ಹತ್ತಿರ ಇರೋ ಕ್ಯಾಬಿನ್ನು ಒಂದು ದಿನದ ಮಟ್ಟಿಗೆ ತಂದುಬಿಡು ಎಂದರು. ಇನ್ನೊಂದು ಕ್ಯಾಬಿನ್ನಿನ ಬಾಗಿಲು ಮುರಿದಿತ್ತು. ಹೆಂಗಸರಿದ್ದಾರಲ್ಲ ಸಾ ಎಂದು ಹೇಳಬಹುದಿತ್ತು. "ಆಯ್ತು ಸಾ" ಎಂದ. ಗೂಡ್ಸ್ ಗಾಡಿಗೆ ಅದನ್ನು ಏರಿಸುತ್ತಿದ್ದಾಗ ಚಿಕ್ಕನಿಂಗಮ್ಮ ಕೈಕಾಲಿನ ಸಿಮೆಂಟು ತೊಳೆದುಕೊಳ್ಳುತ್ತಿದ್ದಳು. ಅರವತ್ತರ ಹತ್ತಿರವಾದರೂ ಅವಳು ಇನ್ನೂ ಕೆಲಸ ಬಿಟ್ಟಿರಲಿಲ್ಲ. ಹನೂರಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು.

"ಯಾವಾಗ ತತ್ತಿಯಪ್ಪ?" ಎಂದು ಕೇಳಿದಳು.

"ನಾಳ ಒಂದಿನ ಕಣ ನಿಂಗವ್ವ. ನಾಳಿದ್ದು ಬೆಳಿಗ್ಗ ಏಳ್ಗಂಟ್ಗ ಇಲ್ಲಿರ್ತದ."

"ನೀ ಏಳುದ್ರ ಆಯ್ತು ಬುಡು" ಎಂದು ಅವಳು ಉಳಿದ ಹೆಂಗಸರ ಕಡೆ ತಿರುಗಿ, "ಚಿಕ್ಕಮಾದಿ ಮಗ ಕಣ್ರವ್ವ" ಎಂದು ಅವನ ಅವ್ವನ ಹೆಸರು ಹಿಡಿದು ಹೆಮ್ಮೆಯಿಂದ ಹೇಳಿದ್ದಳು.

ಯಳಂದೂರಿಗೆ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಹೋಗಿದ್ದ. ಆಮಂತ್ರಣ ಪತ್ರಿಕೆಯ ಮೇಲೆ ಶ್ರೀ ಕುಮಾರಸ್ವಾಮಿ ಮತ್ತು ಕುಟುಂಬದವರು ಎಂದು ಬರೆದಿತ್ತು. ಪ್ರೇಮಾ ಆ ಕವರನ್ನು ಟೀವಿಯ ಮೇಲೆ, ಬಂದವರಿಗೆ ಕಾಣುವಂತೆ ಇಟ್ಟಿದ್ದಳು. ಮಧ್ಯಾಹ್ನ ಊಟಕ್ಕೆ ನಾನೂ ಬರ್ತೀನಿ ಎಂದಿದ್ದಳು. ಕ್ಯಾಬಿನ್ನನ್ನು ಮನೆಯ ಹಿಂದೆ, ತೆಂಗಿನ ಮರದ ಕೆಳಗೆ ನಿಲ್ಲಿಸಿ, ಕೈ ತೊಳೆದು, ಶರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡು ಮುಂದಿನ ಬಾಗಿಲ ಕಡೆ ಬರುತ್ತಿದ್ದಂತೆ ಗುರುಪ್ರಕಾಶ್ ಅವರ ತಾಯಿ ಶಂಕರಮ್ಮನವರು ಎದುರಾದರು. ಬೈಯಲಿಲ್ಲ. ಬಹಳ ಮೃದುವಾಗಿಯೇ, "ನೀನು ಹಿಂದ್ಗಡೇನೆ ಇರಪ್ಪ. ಹೆಂಗಸರು ಮಕ್ಕಳು ಬರ್ತಾರೆ, ಒಬ್ಬೊಬ್ಬರು ಹೋಗಿ ಬಂದ ಮೇಲೂ ಒಂದು ಬಕೆಟ್ ನೀರು ಸುರೀತಿರು. ಊಟ ಅಲ್ಲಿಗೇ ಕಳಿಸ್ತೀನಿ" ಎಂದರು. ಅವನು ಪ್ರೇಮಾಳಿಗೆ ಫೋನು ಮಾಡಿ, ಇಲ್ಲಿ ಬಹಳ ಜನ, ಬರಬೇಡ ಎಂದ. ರೇಷ್ಮೆ ಸೀರೆ ಉಟ್ಟುಕೊಂಡೇ ಅವಳು ಫೋನು ಎತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ದಿನವಿಡೀ ಬಕೆಟ್ಟು ಹಿಡಿದು ನಿಂತ. ಒಳಗಿನಿಂದ ಹೊರಬಂದ ಹೆಂಗಸರು ಅವನನ್ನು ಕಂಡು ಮುಖ ತಿರುಗಿಸುತ್ತಿದ್ದರು. ಅವರದ್ದೂ ತಪ್ಪಲ್ಲ, ಅಲ್ಲಿ ಗಂಡಸೊಬ್ಬ ನಿಂತಿರಬಾರದಿತ್ತು. ತಾನು ಗಂಡಸೋ, ಮಾಲೀಕನೋ, ಬಕೆಟ್ಟೋ ಎಂದು ಅವನು ಯೋಚಿಸುತ್ತ, ಅವರಿಗೆ ಮುಜುಗರವಾಗದಿರಲೆಂದು ತೆಂಗಿನ ಮರದ ಗರಿ ಎಣಿಸುವವನಂತೆ ಮೇಲೆ ನೋಡುತ್ತ ನಿಂತಿದ್ದ. ರಾತ್ರಿಯೇ ಕ್ಯಾಬಿನ್ನು ಏರಿಸಬೇಕಿತ್ತು. ನೆಂಟರು ನಾಳೆ ಸಂಜೆವರೆಗೂ ಇರ್ತಾರೆ, ನಾಳೆಯೂ ಇರಲಿ, ನಾನು ಅಲ್ಲಿಗೆ ಹೇಳ್ತೀನಿ ಎಂದರು ಗುರುಪ್ರಕಾಶ್. ಅವರು ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಸ್ಟೆಲ್ ಕೆಲಸದ ಮೇಸ್ತ್ರಿ ಶಾಂತರಾಜುವಿನ ನಂಬರು ಅವನ ಫೋನಿನಲ್ಲೇ ಇತ್ತು. ಮಾರನೇ ಬೆಳಿಗ್ಗೆ ಏಳು ಗಂಟೆಗೆ ಅವನು ಗಡಿಯಾರ ನೋಡಿಕೊಂಡದ್ದೂ ನಿಜ, ಆ ನಂಬರು ತೆಗೆದು ನೋಡಿದ್ದೂ ನಿಜ. ಆಗ ಯಾರೋ ನೀರು ಎಂದು ಕೂಗಿದರು.

ಮಧ್ಯಾಹ್ನ ಶಾಂತರಾಜುವೇ ಫೋನು ಮಾಡಿದ. ಚಿಕ್ಕನಿಂಗಮ್ಮ ಹನ್ನೊಂದು ಗಂಟೆ ಹೊತ್ತಿಗೆ ಜಲ್ಲಿ ರಾಶಿಯ ಹಿಂದೆ, ಹಳೇ ಕಲ್ಲುಗುಂಡಿಯ ಕಡೆ ಹೋದವಳು ಕಾಲು ಜಾರಿ ಬಿದ್ದಿದ್ದಾಳೆ, ಸೊಂಟದ ಮೂಳೆ ಮುರಿದಿದೆ. ಅವನು ಫೋನು ಕಿವಿಯಿಂದ ತೆಗೆಯುವಷ್ಟರಲ್ಲಿ ಗುರುಪ್ರಕಾಶ್ ಹಿತ್ತಿಲಿಗೆ ಬಂದರು, ರೇಷ್ಮೆ ಪಂಚೆಯಲ್ಲಿ, ಬರಿಗಾಲಲ್ಲಿ. "ಮೊದ್ಲು ಇದನ್ನ ತಕಂಡೋಗಿ ಅಲ್ಲಿಟ್ಬುಡು" ಎಂದರು. ಅವನು ಗಾಡಿಯನ್ನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದ. ಹಾಸ್ಟೆಲ್ಲಿನ ಹತ್ತಿರ ಎಲ್ಲರೂ ಆಸ್ಪತ್ರೆಗೆ ಹೋಗಿದ್ದರು. ಕ್ಯಾಬಿನ್ನು ಮೊದಲು ನಿಂತಿದ್ದ ಜಾಗದಲ್ಲಿ ಹುಲ್ಲು ಬೆಳ್ಳಗಾಗಿ ನಾಲ್ಕು ಮೂಲೆ ಗುರುತಾಗಿತ್ತು. ಅವನು ಕೆಳಗೆ ಬಗ್ಗಿ, ನಾಲ್ಕು ಮೂಲೆಯನ್ನೂ ಆ ಗುರುತಿನ ಮೇಲೆಯೇ ಕೂರಿಸಿದ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಆಮೇಲೆ ಒಳಗೆಲ್ಲ ತೊಳೆದ, ಯಳಂದೂರಿನ ಹೂವಿನ ಎಸಳೊಂದು ಮೂಲೆಯಲ್ಲಿ ಅಂಟಿತ್ತು, ಅದನ್ನು ಉಗುರಿನಿಂದ ಕೆರೆದು ತೆಗೆದ. ಕೆಲಸ ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟಿನ ಬಗ್ಗೆ ಒಂದು ಕ್ಷಣ ತನಗೆ ಸಮಾಧಾನವಾಯಿತೆಂಬುದು ಈ ಇಡೀ ತಿಂಗಳಲ್ಲಿ ಅವನು ಯಾರಿಗೂ, ಪ್ರೇಮಾಳಿಗೂ ಹೇಳದ ಸಂಗತಿ.

ಹತ್ತೂವರೆಗೆ ಆಫೀಸು ಹೊಕ್ಕಾಗ ಗುರುಪ್ರಕಾಶ್ ಎದ್ದು ನಿಂತು, "ಬನ್ನಿ ಕುಮಾರಸ್ವಾಮಿಯವರೇ, ಕೂತ್ಕೊಳ್ಳಿ" ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಕುರ್ಚಿಗೆ ಮೆತ್ತೆಯಿತ್ತು, ಕೂತರೆ ಸ್ವಲ್ಪ ಒಳಗೆ ಹೋಗುತ್ತಿತ್ತು. ಎದುರಿಗೆ ಅಧಿಕಾರಿ ಭವ್ಯಶ್ರೀ, ಇನ್ನೂ ಮೂವತ್ತೂ ಆಗಿರದ ಹುಡುಗಿ, ಮಡಿಲಲ್ಲಿ ಫೈಲು. ಗುರುಪ್ರಕಾಶ್ ಅವಳಿಗೆ ಹೇಳುತ್ತಿದ್ದರು: "ಮೇಡಂ, ನಾನು ಇವತ್ತು ಈ ಮಟ್ಟಕ್ಕೆ ಬಂದಿದ್ರೆ ಇವರಿಂದ. ಬೆಟ್ಟದಲ್ಲಿ ಯಾತ್ರಿಕರ ವಸತಿ ಕಟ್ಟಡ ಸಿಕ್ಕಿದೆ, ಅಲ್ಲಿಗೂ ನೀರು, ಕರೆಂಟು, ಆರು ಕ್ಯಾಬಿನ್ನು, ಎಲ್ಲಾ ಇವರದ್ದೇ." ಬೆಟ್ಟದ ಕೆಲಸದ ಸುದ್ದಿಯನ್ನು ಅವನು ಕೇಳಿದ್ದು ಆಗಲೇ.

ಭವ್ಯಶ್ರೀ ಫೈಲು ತೆರೆದು, "ಆ ಹೆಂಗಸು ಹೇಳ್ತಾರೆ, ಹನ್ನೆರಡನೇ ತಾರೀಕು ಅಲ್ಲಿ ಟಾಯ್ಲೆಟ್ ಇರಲಿಲ್ಲ, ಅದಕ್ಕೇ ಗುಂಡಿ ಕಡೆ ಹೋದೆ ಅಂತ. ಇವರು ಇತ್ತು ಅಂತಾರೆ. ಉಳಿದ ಕೆಲಸಗಾರರು ಯಾರೂ ಬಾಯಿ ಬಿಡ್ತಿಲ್ಲ. ಬೇರೆ ಯಾರನ್ನ ಕೇಳಲಿ ಅಂದಾಗ ಆ ಹೆಂಗಸೇ ನಿಮ್ಮ ಹೆಸರು ಹೇಳಿದ್ರು" ಎಂದಳು.

"ನನ್ನ ಹೆಸರಾ?"

"ಹೂಂ. ಅವರು ಸುಳ್ಳು ಹೇಳಲ್ಲ, ಅವರನ್ನೇ ಕೇಳಿ ಅಂದ್ರು. ಅವರ ಪರಿಹಾರ ಇದರ ಮೇಲೆ ನಿಂತಿದೆ. ನೆನಪು ಮಾಡಿಕೊಂಡು ಹೇಳಿ. ಅವತ್ತು ಕ್ಯಾಬಿನ್ ಅಲ್ಲಿ ಇತ್ತಾ?"

ಗುರುಪ್ರಕಾಶ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಮುಖದಲ್ಲಿ ಬೆದರಿಕೆಯಿರಲಿಲ್ಲ. ಬೆದರಿಕೆಯಿದ್ದಿದ್ದರೆ ಎದುರು ನಿಲ್ಲುತ್ತಿದ್ದೆನೋ ಏನೋ ಎಂದು ಕುಮಾರಸ್ವಾಮಿಗೆ ಆಮೇಲೆ ಅನ್ನಿಸಿತು. ಅಲ್ಲಿದ್ದದ್ದು ನಂಬಿಕೆ. ನೀರು ಬಂದೇ ಬರುತ್ತದೆ ಎಂದು ತಿಳಿದು ನಲ್ಲಿಯ ಕಡೆ ತಿರುಗಿಯೂ ನೋಡದವನ ನಂಬಿಕೆ. ಆ ನಂಬಿಕೆಯನ್ನು ಮುರಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅದು ಅವನ ಅಭ್ಯಾಸದಲ್ಲೇ ಇರಲಿಲ್ಲ. "ಇತ್ತು ಮೇಡಂ" ಎಂದ. ಆ ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಹೆಣ್ಣಿನ ಕಷ್ಟವನ್ನು ಊಹಿಸಬಲ್ಲ ಹೆಣ್ಣಿನ ನೋಟ. ಆದರೆ ಊಹೆಯನ್ನು ಫೈಲಿನಲ್ಲಿ ಬರೆಯಲಾಗುವುದಿಲ್ಲ. ಅವನು ಹೇಳಿದ್ದನ್ನು ಬರೆದುಕೊಂಡಳು, ಅವನು ರುಜು ಹಾಕಿದ. ಹೊರಗೆ ಬಂದಾಗ ಗುರುಪ್ರಕಾಶ್ ಬೆನ್ನ ಮೇಲೆ ಕೈಯಿಟ್ಟು, "ನಾಳೆ ಬೆಟ್ಟಕ್ಕೆ ಬಂದು ಜಾಗ ನೋಡ್ಕೊ ಕಣಯ್ಯ" ಎಂದರು. ಬನ್ನಿ, ಅವರೇ ಎನ್ನುವ ಮರ್ಯಾದೆಯೆಲ್ಲ ಒಳಗಿನ ಕುರ್ಚಿಯಲ್ಲೇ ಉಳಿದುಹೋಗಿತ್ತು.

ಮನೆಗೆ ಹೋಗಬೇಕೆನ್ನಿಸಲಿಲ್ಲ. ಪೇಟೆಯ ಬೀದಿಯಲ್ಲಿ ಸುಮ್ಮನೆ ಬೈಕು ಓಡಿಸುತ್ತ ಹೋದವನು ಔಷಧಿ ಅಂಗಡಿಯೊಂದರ ಮುಂದೆ ಕಮೋಡ್ ಕುರ್ಚಿ ಕಂಡು ನಿಂತ. ನಡುವೆ ತೂತಿರುವ ಕುರ್ಚಿ, ಕೆಳಗೆ ಬಕೆಟ್ಟು, ಎದ್ದು ಓಡಾಡಲಾಗದವರಿಗೆ. ಅದನ್ನು ಕೊಂಡು, ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು, ಹನೂರಿನ ರಸ್ತೆ ಹಿಡಿದ. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಹರಕೆ ಹೊತ್ತು ಬೆಟ್ಟಕ್ಕೆ ನಡೆದುಹೋಗುತ್ತಿದ್ದ ಪರಸೆಯವರ ಗುಂಪೊಂದು ರಸ್ತೆ ಬದಿಯ ಹುಣಸೆ ಮರದಡಿ ಕೂತು ಬುತ್ತಿ ಬಿಚ್ಚುತ್ತಿತ್ತು. ಅವರಲ್ಲೊಬ್ಬ ಏನೋ ಅಂದ, ಉಳಿದವರು ನಕ್ಕರು. ನಗಲಿ ಅನ್ನಿಸಿತು. ಆಮೇಲೆ, ನಗಲಿ ಎಂದು ತಾನು ಅಂದುಕೊಂಡದ್ದರಲ್ಲೇ ಒಂದು ಬಗೆಯ ಮೆರೆತವಿದೆಯೆಂದು ತಿಳಿದು ನಾಚಿಕೆಯಾಯಿತು.

ಹನೂರಿನ ಸಂತೆಮಾಳದ ಹಿಂದೆ ಚಿಕ್ಕನಿಂಗಮ್ಮನ ಮಗಳು ಪುಷ್ಪಳ ಮನೆ. ಚಿಕ್ಕನಿಂಗಮ್ಮ ಗೋಡೆಯ ಬದಿಯ ಮಂಚದಲ್ಲಿ ಮಲಗಿದ್ದಳು. ಕಾಲಿಗೆ ಮರಳಿನ ಚೀಲ ಕಟ್ಟಿದ್ದರು. ಅಷ್ಟು ದೊಡ್ಡ ಹೆಂಗಸು ಮಂಚದ ಅರ್ಧಕ್ಕೆ ಇಳಿದುಹೋಗಿದ್ದಳು.

"ಬಾ ಮಗ. ಕುಂತ್ಕ. ಪುಷ್ಪ, ಟೀ ಕಾಸವ್ವ."

ಪುಷ್ಪ ಬಾಗಿಲಿಗೊರಗಿ ನಿಂತವಳು ಅಲ್ಲಾಡಲಿಲ್ಲ. ಕುರ್ಚಿಯನ್ನೇ ನೋಡುತ್ತಿದ್ದಳು.

"ಆ ಆಪೀಸ್ರಮ್ಮ ಪೋನ್ ಮಾಡಿತ್ತು ಕಣಪ್ಪ" ಎಂದಳು ಚಿಕ್ಕನಿಂಗಮ್ಮ. "ನೀನು ಇತ್ತು ಅಂದಿಯಂತಲ್ಲ."

ಅವನು ಕುರ್ಚಿಗೆ ಬಿಗಿದಿದ್ದ ಹಗ್ಗ ಸುತ್ತಿಡತೊಡಗಿದ. ಅವಳೇ ಮುಂದುವರಿಸಿದಳು:

"ನಂಗ ಆವತ್ತಿಂದ ತಲ ಸರಿಲ್ಲ ಕಣ. ಆಸ್ಪತ್ರೇಲಿ ಸೂಜಿ ಮ್ಯಾಲ ಸೂಜಿ ಕೊಟ್ರು. ಏಳ್ಗಂಟ್ಗ ಬತ್ತದ ಅಂತ ನೀ ಏಳಿದ್ಯಲ್ಲ, ಅದ್ಕೇ ನಾನು ಬೆಳಿಗ್ಗ ಎರಡು ಚೆಂಬು ಅಂಬಲಿ ಕುಡ್ಕಂಡು ಓಗಿದ್ದಿ, ಅದು ಗ್ಯಾಪ್ನ ಅದ. ಹನ್ನೊಂದ್ಗಂಟ ತಕ ತಡ್ಕಂಡಿದ್ದಿ, ಅದೂ ಗ್ಯಾಪ್ನ ಅದ. ಆದ್ರ ಇತ್ತೇನೋ. ನಂಗೇ ಕಾಣ್ನಿಲ್ಲವೇನೋ. ನೀ ಏಳ್ದ ಮ್ಯಾಲ ಇದ್ದಿರ್ಬೇಕು ಬುಡು."

ಅವನು ಅವಳ ಮುಖದಲ್ಲಿ ಕುಹಕ ಹುಡುಕಿದ. ಕುಹಕವಿದ್ದಿದ್ದರೆ ಅದನ್ನು ಹಿಡಿದುಕೊಂಡು ತಲೆ ತಗ್ಗಿಸಬಹುದಿತ್ತು, ಅವಳು ಶಾಪ ಹಾಕಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ನಿಜಕ್ಕೂ ಯೋಚಿಸುತ್ತಿದ್ದಳು. ಹಣೆ ಸುಕ್ಕುಗಟ್ಟಿಸಿ, ಜಲ್ಲಿ ರಾಶಿಯ ಪಕ್ಕದ ಆ ಖಾಲಿ ಜಾಗದಲ್ಲಿ ಒಂದು ನೀಲಿ ಕ್ಯಾಬಿನ್ನನ್ನು ಕಾಣಲು ಪ್ರಯತ್ನಪಡುತ್ತಿದ್ದಳು. ಅದು ಅವನಿಗೆ ತಡೆಯಲಾಗಲಿಲ್ಲ.

"ಇರ್ನಿಲ್ಲ ಕಣ ನಿಂಗವ್ವ" ಎಂದ. "ಯಳಂದೂರ್ಲಿತ್ತು. ಸುಳ್ಳೇಳ್ಬುಟ್ಟಿ."

ಚಿಕ್ಕನಿಂಗಮ್ಮ ಕೂಡಲೆ ಮಗಳ ಕಡೆ ತಿರುಗಿದಳು. "ಕೇಳುಸ್ಕಂಡ್ಯಾ ಪುಷ್ಪ? ನನ್ ತಲ ನೆಟ್ಗದ. ನಂಗೇನೂ ಆಗಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೆ.

ಪುಷ್ಪ ಫೋನು ತೆಗೆದುಕೊಂಡು ಬಂದು ಅವನ ಮುಂದೆ ಹಿಡಿದಳು. "ಆ ಮೇಡಮ್ಮನ ನಂಬರು ಇದ್ರಲ್ಲಿ ಅದ ಕಣಣ್ಣ. ಈಗ ಏಳ್ದ್ಯಲ್ಲ, ಅದ್ನೇ ಏಳು."

ಫೋನಿನ ಗಾಜು ಒಡೆದಿತ್ತು. ಅದರ ಮೇಲೆ ಹೆಸರು, ನಂಬರು ಕಾಣುತ್ತಿತ್ತು. ಒತ್ತಿದರೆ ಆಗಿಹೋಗುತ್ತಿತ್ತು. ಅವನಿಗೆ ಬೆಟ್ಟ ಕಂಡಿತು, ಸಾಲಾಗಿ ನಿಂತ ಆರು ಕ್ಯಾಬಿನ್ನು ಕಂಡಿತು, ಕುಮಾರಸ್ವಾಮಿ ಮಾತು ತಿರುಗಿಸಿದನಂತೆ ಎಂದು ಒಬ್ಬರಿಂದೊಬ್ಬರಿಗೆ ಹೇಳಿಕೊಳ್ಳುವ ಕಂಟ್ರಾಕ್ಟರುಗಳು ಕಂಡರು.

"ಪೋನಲ್ಲಿ ಬ್ಯಾಡ ಪುಷ್ಪ. ರುಜು ಆಕಿವ್ನಿ. ನಾಳ ಆಪೀಸ್ಗೇ ಓಗಿ ಏಳ್ತಿನಿ."

"ಎಷ್ಟೊತ್ಗ?" ಎಂದು ಕೇಳಿದಳು ಪುಷ್ಪ.

ಅವನು ಒಂದು ಹೊತ್ತು ಹೇಳಿದ. ಹೇಳುವಾಗ ಅವಳು ಆಗಲೇ ಫೋನು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಚಿಕ್ಕನಿಂಗಮ್ಮ, "ಟೀ ಕುಡ್ಕಂಡೋಗು ಮಗ" ಎಂದಳು. ಅವನು ಕುಡಿದ. ಸಕ್ಕರೆ ಹೆಚ್ಚಾಗಿತ್ತು.

ಮಾರನೇ ದಿನ ಬೆಳಿಗ್ಗೆ ಅವನು ಬೆಟ್ಟಕ್ಕೆ ಹೋದ. ಮೊದಲು ಅದನ್ನು ಮುಗಿಸಿ, ಬರುತ್ತ ಇಲಾಖೆಯ ಆಫೀಸಿಗೆ ಹೋದರಾಯಿತು ಎಂದುಕೊಂಡಿದ್ದ. ಜಾಗ ಅಳೆದು, ಗುರುಪ್ರಕಾಶ್ ಅವರ ಜೊತೆ ಊಟ ಮಾಡಿ ಇಳಿದು ಬರುವಷ್ಟರಲ್ಲಿ ಹೊತ್ತಾಗಿತ್ತು. ಅದರ ಮಾರನೇ ದಿನ ಎರಡು ಕಡೆ ಮೋಲ್ಡ್ ಇತ್ತು. ಆಮೇಲೆ ಭಾನುವಾರ ಬಂತು. ದಿನಾ ಹೋಗಬೇಕೆಂದುಕೊಳ್ಳುತ್ತಿದ್ದ, ಹೋಗಬೇಕೆಂದುಕೊಳ್ಳುವುದೇ ಒಂದು ಕೆಲಸದಂತೆ ಆಗಿ, ಅದನ್ನು ಮಾಡಿದ ದಣಿವೂ ಆಗುತ್ತಿತ್ತು. ಕಂಟ್ರಾಕ್ಟರುಗಳ ಫೋನು ಮಾತ್ರ ಬರುತ್ತಲೇ ಇತ್ತು, ಅವನ ನೀರು ಹೊತ್ತಿಗೆ ಸರಿಯಾಗಿ ಹೋಗುತ್ತಲೇ ಇತ್ತು.

ಒಂಬತ್ತನೇ ದಿನ ಹನೂರಿನ ಖಾಸಗಿ ಬಸ್ಸಿನ ಕಂಡಕ್ಟರ್ ಚೆನ್ನಯ್ಯ ಫೋನು ಮಾಡಿ, "ಸ್ವಾಮಣ್ಣ, ನಿನ್ ಹೆಸ್ರಲ್ಲಿ ಯಾವ್ದೋ ಕುರ್ಚಿ ಆಕಳ್ಸವ್ರ, ಬಸ್ ಸ್ಟಾಂಡ್ಗ ಬಂದು ಇಳ್ಸ್ಕೊ" ಎಂದ. ಬಸ್ಸಿನ ಮೇಲಿಂದ ಅದನ್ನು ಕೆಳಗಿಳಿಸುವಾಗ ನಿಂತವರೆಲ್ಲ ನೋಡಿದರು. ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೆಯೇ ಇತ್ತು, ಬಿಚ್ಚಿಯೇ ಇರಲಿಲ್ಲ. ಚೀಟಿಯಿರಲಿಲ್ಲ. ಅವನು ಅದನ್ನು ಮನೆಗೆ ತಂದು ಟ್ಯಾಂಕರಿನ ಪಕ್ಕದಲ್ಲಿ ಇಳಿಸುವಾಗ ಪ್ರೇಮಾ ಬಟ್ಟೆ ಒಣಗಿಸುತ್ತಿದ್ದವಳು ತಿರುಗಿ ನೋಡಿದಳು.

"ಇದ್ಯಾರ್ದು?"

"ನಮ್ದೇ" ಎಂದ ಕುಮಾರಸ್ವಾಮಿ. "ಬಾಡ್ಗೆಗೆ ಓಗಿತ್ತು."